ಹೂಂಗುಟ್ಟುವವರ ಮುಂದೆ

ಹೊರಗೆ ಜಡಿಮಳೆ. ಸಗಣಿಯಲ್ಲಿ ಕಟ್ಟಿದ ಕಾಗಕ್ಕನ ಮನೆ ಕರಗಿ ಹರಿದುಹೋಗಿದೆ. ಕಲ್ಲಿನ ಮನೆಯ ಗುಬ್ಬಕ್ಕ ಒಳಗೆ ಬೆಚ್ಚಗಿದ್ದಾಳೆ. ಕಾಗಕ್ಕ ಬಂದು ಬಾಗಿಲು ತಟ್ಟಿದರೆ, ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ ಅನ್ನುತ್ತಾಳೆ ಗುಬ್ಬಕ್ಕ. ಸ್ವಲ್ಪ ಹೊತ್ತು ಬಿಟ್ಟು ತಟ್ಟಿದರೆ ಮಗುವಿಗೆ ನೀರು ಹಾಕುತ್ತಿದ್ದಾಳೆ. ಇನ್ನೊಮ್ಮೆ ತಟ್ಟಿದರೆ ತೊಟ್ಟಿಲು ತೂಗುತ್ತಿದ್ದಾಳೆ. ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಈ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೊನೆ ಮಾತ್ರ ಮನೆಯಿಂದ ಮನೆಗೆ ಬೇರೆಬೇರೆ. ಕೆಲವು ಮನೆಗಳಲ್ಲಿ ಒಳಗೆ ಬಂದ ಕಾಗಕ್ಕ ರಾತ್ರಿಯಿಡೀ ಕಾಳು ಕಟುಂಕುಟುಂ ಎಂದು ಕಡಿಯುತ್ತಾಳೆ, ಕೆಲವು ಮನೆಗಳಲ್ಲಿ ಒಲೆಯ ಹತ್ತಿರ ಕೂತು ರೆಕ್ಕೆ ಸುಟ್ಟುಕೊಳ್ಳುತ್ತಾಳೆ.

ಅಂಗನವಾಡಿಯೊಂದರ ಚಾಪೆಯ ಮೇಲೆ ಮಕ್ಕಳ ಮಟ್ಟಕ್ಕೇ ಕೂತು ಒಬ್ಬರು ಇದನ್ನು ಹೇಳುವುದನ್ನು ನೋಡಿದೆ. ಶಾಲೆಯಿಂದ ಶಾಲೆಗೆ ಹೋಗಿ ಕಥೆ ಹೇಳುವುದೇ ಅವರ ಕೆಲಸ. ಮಕ್ಕಳ ಬಾಯಲ್ಲಿ ಅವರು ‘ಕಥೆ ಮಿಸ್’. ಕೈಯಲ್ಲಿ ಪುಸ್ತಕವಿಲ್ಲ, ಗೊಂಬೆಯಿಲ್ಲ, ಮೈಕೂ ಇಲ್ಲ. ಎಡಗೈಯನ್ನು ಮುಖದ ಮುಂದೆ ಅಡ್ಡ ಹಿಡಿದರು, ಅದು ಬಾಗಿಲಾಯಿತು. ಬಲಗೈ ಬೆರಳಿನ ಗೆಣ್ಣಿನಿಂದ ನೆಲದ ಮೇಲೆ ಟಕ್, ಟಕ್ ಎಂದರು. ಎಂದು ಸುಮ್ಮನಾದರು. ಕಿವಿಯನ್ನು ಬಾಗಿಲಿಗೆ ಕೊಟ್ಟು ಕಾದರು. ಆ ಮೌನ ತುಸು ಉದ್ದವಾಯಿತೇನೋ ಎಂದು ದೊಡ್ಡವರಿಗೆ ಅನ್ನಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಕೇಳಿತು: “ಯಾರು?”

ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಎರಡನೇ ಸಲ ತಟ್ಟಿದಾಗ ನಾಲ್ಕೈದು ಮಕ್ಕಳು ಕೇಳಿದರು. ಮೂರನೇ ಸಲಕ್ಕೆ ಇಡೀ ಕೋಣೆ ಗುಬ್ಬಕ್ಕನಾಗಿತ್ತು. “ತಾಳು, ಪಾಪುಗೆ ನೀರು ಹಾಕ್ತಿದೀನಿ” ಎಂದು ಒಬ್ಬಳು, “ಪೌಡರ್ ಹಾಕ್ತಿದೀನಿ” ಎಂದು ಇನ್ನೊಬ್ಬಳು. ಕಥೆಯಲ್ಲಿ ಪೌಡರ್ ಇರಲಿಲ್ಲ, ಆಗ ಬಂತು. ಕಥೆ ಹೇಳುವವರ ಪಾಲಿಗೆ ಉಳಿದದ್ದು ಮಳೆಯಲ್ಲಿ ನಿಂತ ಕಾಗಕ್ಕ ಮಾತ್ರ. ಅವರು ಅದನ್ನೂ ಸಣ್ಣದೊಂದು ಬದಲಾವಣೆಯಲ್ಲಿ ತೋರಿಸಿದರು. ಮೂರನೇ ಸಲದ ತಟ್ಟುವಿಕೆ ಮೊದಲಿನದಕ್ಕಿಂತ ಮೆಲ್ಲಗಿತ್ತು. ನೆನೆದ ರೆಕ್ಕೆಗೆ ಅಷ್ಟೇ ಬಲ. ಮುಂದೆ ಕೂತಿದ್ದ ಒಂದು ಮಗು ತನ್ನ ಭುಜಗಳನ್ನು ಕಿವಿಯವರೆಗೆ ಎಳೆದುಕೊಂಡು ಮುದುಡಿತು. ಅದಕ್ಕೆ ಚಳಿಯಾಗುತ್ತಿತ್ತು.

ಅವರು ಮಕ್ಕಳಿಗೆ “ನನ್ನ ಜೊತೆ ಹೇಳಿ” ಎನ್ನಲಿಲ್ಲ, “ಚಪ್ಪಾಳೆ ತಟ್ಟಿ” ಎನ್ನಲಿಲ್ಲ. ಒಂದು ಜಾಗ ಖಾಲಿ ಬಿಟ್ಟರು, ಅದು ತುಂಬುವವರೆಗೆ ಕಾದರು. ಕಥೆ ಹೇಳುವ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ರುಚಿಸುವುದು ಈ ಕಾಯುವಿಕೆ. ಕಥೆ ಹೇಳುವವರು ಎಷ್ಟು ಗಟ್ಟಿಗರು ಎಂದು ಅಳೆಯಬೇಕಾದರೆ ಅವರು ಹೇಗೆ ಮಾತಾಡುತ್ತಾರೆ ಎನ್ನುವುದಕ್ಕಿಂತ ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ನೋಡಬೇಕು.

ನಮ್ಮ ಮನೆಗಳಲ್ಲಿ ಇದಕ್ಕೊಂದು ಕಟ್ಟಳೆಯೇ ಇತ್ತು. ಕೇಳುವವರು ಹೂಂಗುಟ್ಟಬೇಕು. ಒಂದು ಊರಲ್ಲಿ ಒಬ್ಬ ರಾಜ. ಹೂಂ. ಅವನಿಗೆ ಇಬ್ಬರು ಹೆಂಡಿರು. ಹೂಂ. ಹೂಂ ನಿಂತರೆ ಕಥೆಯೂ ನಿಂತಿತು. ದೀಪ ಆರಿಸಿದ ಕತ್ತಲಲ್ಲಿ ಅಜ್ಜಿಗೆ ಮೊಮ್ಮಕ್ಕಳ ಮುಖ ಕಾಣುತ್ತಿರಲಿಲ್ಲ. ಯಾರು ಎಚ್ಚರವಿದ್ದಾರೆ, ಯಾರಿಗೆ ಹೆದರಿಕೆಯಾಗಿದೆ, ಯಾರ ಕಣ್ಣು ಎಳೆಯುತ್ತಿದೆ ಎಂಬುದೆಲ್ಲ ಆ ಹೂಂಕಾರದಲ್ಲೇ ಗೊತ್ತಾಗಬೇಕು. ರಾಕ್ಷಸ ಬಂದಾಗ ಹೂಂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ನಿದ್ದೆ ಬಂದಾಗ ತೆಳ್ಳಗಾಗುತ್ತ, ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ. ಅದರಂತೆ ಅಜ್ಜಿ ರಾಕ್ಷಸನನ್ನು ಬೇಗ ಸಾಯಿಸುತ್ತಿದ್ದಳು, ಇಲ್ಲವೇ ಇನ್ನೊಂದು ಕಾಡು ದಾಟಿಸುತ್ತಿದ್ದಳು.

ವೃತ್ತಿಯವರು ಈ ಹೂಂಕಾರವನ್ನು ಕಲೆಯ ಒಳಗೇ ಕಟ್ಟಿಕೊಂಡಿದ್ದಾರೆ. ಮಲೆ ಮಹದೇಶ್ವರನ ಕಥೆ ಹೇಳುವ ಕಂಸಾಳೆಯವರಲ್ಲೂ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲೂ ಮುಂದಾಳು ಬಿಟ್ಟ ಸಾಲಿನ ತುದಿಯನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ರಾತ್ರಿಯಿಡೀ ಸಾಗುವ ಕಥನಕ್ಕೆ ಉಸಿರು ಸಿಗುವುದು ಅಲ್ಲಿ. ಹರಿಕಥೆಯ ದಾಸರು ಸಭೆಯಿಂದಲೇ ದೇವರ ನಾಮ ಹೇಳಿಸುತ್ತಾರೆ. ಭಕ್ತಿಯ ಮಾತು ಅದು, ನಿಜ. ಅದರ ಜೊತೆಗೆ ಸಭೆ ಎಲ್ಲಿದೆ ಎಂದು ತಿಳಿಯುವ ಉಪಾಯವೂ ಹೌದು. ದನಿ ಸೋತಿದ್ದರೆ ದಾಸರು ಕೂಡಲೇ ಒಂದು ಉಪಕಥೆ ಎತ್ತುತ್ತಾರೆ, ಜನ ನಕ್ಕು ನೇರ ಕೂರುತ್ತಾರೆ, ಕಥೆ ಮತ್ತೆ ದ್ರೌಪದಿಯ ಹತ್ತಿರ ಹೋಗುತ್ತದೆ. ಶಾಲೆಗೆ ಬರುವ ಕಥೆ ಮಿಸ್ಸಿಗೆ ಹಿಮ್ಮೇಳವಿಲ್ಲ, ಹಾರ್ಮೋನಿಯಂ ಇಲ್ಲ, ತಾಳವಿಲ್ಲ. ಎದುರಿಗೆ ಕೂತ ಮಕ್ಕಳೇ ಹಿಮ್ಮೇಳ.

ದೇವಸ್ಥಾನದ ಅಂಗಳದ ಹರಿಕಥೆಯಲ್ಲಿ ವಯಸ್ಸಿನ ವಿಂಗಡಣೆ ಇರಲಿಲ್ಲ. ಮುಂದೆ ಮಕ್ಕಳು, ಕಂಬಕ್ಕೆ ಒರಗಿದ ಅಜ್ಜಂದಿರು, ಸೆರಗಿನೊಳಗೆ ಕೂಸು ಮಲಗಿಸಿಕೊಂಡ ತಾಯಂದಿರು. ಭೀಮನ ಊಟ ಮಕ್ಕಳ ಪಾಲಿಗೆ, ಅದರ ನಡುವೆ ತೂರಿಬಂದ ತತ್ತ್ವದ ಮಾತು ಅಜ್ಜಂದಿರ ಪಾಲಿಗೆ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ರಾಗ ಎಲ್ಲರಿಗೂ, ಅರ್ಥ ಅವರವರ ಪಾತ್ರೆಯಷ್ಟು. ಶಾಲೆ ಈ ಸಭೆಯನ್ನು ಒಡೆದು ವಯಸ್ಸಿನ ಪ್ರಕಾರ ಕೋಣೆಗಳಲ್ಲಿ ಕೂರಿಸಿತು. ಅಜ್ಜ ಕಣ್ಣೊರೆಸಿಕೊಳ್ಳುವುದನ್ನು ಮೊಮ್ಮಗ ನೋಡುವ ಭಾಗ್ಯ ಅಲ್ಲಿಗೆ ತಪ್ಪಿತು, ಅದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ. ಆದರೆ ಒಂದು ಲಾಭವೂ ಆಯಿತು. ಐದು ವರ್ಷದವರು ಹೇಗೆ ಕೇಳುತ್ತಾರೆ, ಎಂಟು ವರ್ಷದವರು ಹೇಗೆ, ಹದಿನಾಲ್ಕರವರು ಹೇಗೆ ಎಂದು ಬಿಡಿಬಿಡಿಯಾಗಿ ನೋಡುವುದು ಸಾಧ್ಯವಾಯಿತು.

ಅಂಗನವಾಡಿಯ ಮಕ್ಕಳಿಗೆ ಮುಂದೇನಾಯಿತು ಎಂಬ ಆತುರ ಕಡಿಮೆ. ಆದದ್ದೇ ಮತ್ತೆ ಆಗಬೇಕು. ಎಣ್ಣೆ, ನೀರು, ತೊಟ್ಟಿಲು ಅದೇ ಕ್ರಮದಲ್ಲಿ ಬರಬೇಕು. ಕ್ರಮ ತಪ್ಪಿದರೆ ತಿದ್ದುತ್ತಾರೆ. ತಾವು ಊಹಿಸಿದ್ದು ನಿಜವಾಗಿಯೇ ಬಂತು ಎಂಬುದೇ ಆ ವಯಸ್ಸಿನ ರಸ. ನಲಿ-ಕಲಿ ತರಗತಿಗೆ ಹೋದರೆ ಗಾಳಿಯೇ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುತ್ತಾರೆ. ಕಥೆ ಹೇಳುವವರಿಗೆ ಇದು ಹಬ್ಬ. ಒಂದನೇ ತರಗತಿಯ ಮಗು ಸದ್ದನ್ನು ಹಿಡಿಯುತ್ತದೆ, ಮೂರನೆಯದರ ಮಗು ಕಾರಣ ಹುಡುಕುತ್ತದೆ. “ಗುಬ್ಬಕ್ಕನ ಗಂಡ ಎಲ್ಲಿಗೆ ಹೋಗಿದ್ದ ಮಿಸ್?” ಎಂದು ಕೇಳುವುದು ಈ ವಯಸ್ಸು.

ಕಾರಣ ಹುಡುಕುವ ಮಕ್ಕಳಿಗೆಂದೇ ಸರಪಳಿ ಕಥೆಗಳು ಹುಟ್ಟಿದಂತಿವೆ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಅಂಥದ್ದು. ಹೆಸರಲ್ಲೇ ಪ್ರಶ್ನೆಯಿದೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಮೇಲೆ ಹಾಕುತ್ತಾರೆ, ಅವರನ್ನು ಕೇಳಿದರೆ ಮತ್ತೊಬ್ಬರ ಮೇಲೆ. ದಕ್ಷಿಣ ಕನ್ನಡದ ಶಾಲೆಗಳಲ್ಲಿ ಮೇಷ್ಟರಾಗಿ, ಆಮೇಲೆ ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆ ಬಾಳಿದ ಪಂಜೆಯವರಿಗೆ (1874–1937) ಎಂಟು ವರ್ಷದ ಕಿವಿ ಚೆನ್ನಾಗಿ ಗೊತ್ತಿತ್ತು. ಈ ಕಥೆಯನ್ನು ಹೇಳುವಾಗ ಒಂದು ಕೊಂಡಿ ಸೇರಿದಂತೆಲ್ಲ ಹಿಂದಿನ ಕೊಂಡಿಗಳನ್ನು ಒಂದೇ ಉಸಿರಿಗೆ ಮರಳಿ ಹೇಳಬೇಕು. ಉಸಿರು ಸಾಲದೆ ಕಥೆ ಮಿಸ್ ನಡುವೆ ತೊದಲಿದರು. ಬೇಕೆಂದೇ ತೊದಲಿದರು ಎಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಅಷ್ಟಕ್ಕೇ ಕೋಣೆಯ ಮೂಲೆಯಲ್ಲಿ ಅದುವರೆಗೆ ಬಾಯಿ ಬಿಡದ ಒಬ್ಬ ಹುಡುಗ ಎದ್ದುನಿಂತು ಮೊದಲಿನಿಂದ ಕೊನೆಯವರೆಗೆ ಸರಪಳಿಯನ್ನು ಗಡಗಡನೆ ಹೇಳಿ ಕೂತ. ಅವನ ಮನೆಮಾತು ಲಂಬಾಣಿ. ಪುಸ್ತಕದ ಕನ್ನಡವನ್ನು ಅವನು ಓದುವಾಗ ಅಕ್ಷರ ಅಕ್ಷರಕ್ಕೂ ತಡೆಯುತ್ತಾನೆ ಎಂದು ತರಗತಿಯ ಟೀಚರ್ ಆಮೇಲೆ ಹೇಳಿದರು. ಕಿವಿಯಿಂದ ಬಂದ ಕನ್ನಡ ಅವನಿಗೆ ಎಲ್ಲೂ ತಡೆದಿರಲಿಲ್ಲ.

ಇದೇ ವಯಸ್ಸಿನ ಮಕ್ಕಳನ್ನು ಪ್ರತಿಭಾ ಕಾರಂಜಿಯ ವೇದಿಕೆಯ ಮೇಲೆ ನೋಡಿದಾಗ ಮನಸ್ಸಿಗೆ ಕಷ್ಟವಾಗುತ್ತದೆ. ಕಥೆ ಹೇಳುವುದೂ ಅಲ್ಲಿ ಒಂದು ಸ್ಪರ್ಧೆ. ಸರ್ಕಾರ ಕಥೆಗೆ ವೇದಿಕೆ ಕೊಟ್ಟದ್ದು ಒಳ್ಳೆಯದೇ. ಆದರೆ ಬಹಳ ಮಕ್ಕಳು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ. ಕೈ ಎತ್ತುವ ಜಾಗ, ಕಣ್ಣರಳಿಸುವ ಜಾಗ, ಎಲ್ಲ ಮೊದಲೇ ಗೊತ್ತಾಗಿರುತ್ತದೆ. ಕಣ್ಣು ತೀರ್ಪುಗಾರರ ಮೇಲೆ. ಎದುರಿಗೆ ಕೂತವರು ನಕ್ಕರೂ ಕಥೆ ನಿಲ್ಲುವುದಿಲ್ಲ, ನಗದಿದ್ದರೂ ಬದಲಾಗುವುದಿಲ್ಲ. ಮಗುವಿನ ತಪ್ಪು ಇದರಲ್ಲಿ ಏನೂ ಇಲ್ಲ. ಸಮಯದ ಗಂಟೆಯ ಬದಲು ಎದುರಿಗೆ ಹತ್ತು ಪುಟ್ಟ ಮಕ್ಕಳನ್ನು ಕೂರಿಸಿ, ಅವರಿಗೆ ಹೇಳು ಎಂದರೆ ಅದೇ ಮಗು ಬೇರೆಯೇ ರೀತಿಯಲ್ಲಿ ಹೇಳೀತು. ಅಂಕವನ್ನು ಆ ಹತ್ತು ಮುಖಗಳನ್ನು ನೋಡಿ ಕೊಡಬಹುದು.

ಹೈಸ್ಕೂಲಿನ ಕಥೆ ಕಷ್ಟದ್ದು. ಹದಿನಾಲ್ಕು ವರ್ಷದವರು ಹೂಂ ಎನ್ನುವುದಿಲ್ಲ. ಕೈಕಟ್ಟಿ, ಬೆನ್ನು ಗೋಡೆಗೆ ಕೊಟ್ಟು, ನಮಗೆ ಕಥೆಯೇ ಎಂಬಂತೆ ಕೂರುತ್ತಾರೆ. ಅಲ್ಲಿ ಟಕ್ ಟಕ್ ನಡೆಯುವುದಿಲ್ಲ. ಅವರಿಗೆ ಬೇಕಾದದ್ದು ನ್ಯಾಯ. ಅದಕ್ಕೆ ನಮ್ಮಲ್ಲಿ ತಾಳಮದ್ದಲೆಗಿಂತ ದೊಡ್ಡ ಪಾಠಶಾಲೆ ಇಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಎದುರುಬದುರು ಕೂತು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ಮರದ ಮರೆಯಿಂದ ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳುವ ಪ್ರಸಂಗ ಇಂದಿಗೂ ಹಳತಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ಹರಿಕಥೆಯನ್ನೂ ಮಾಡುತ್ತಿದ್ದರು, ತಾಳಮದ್ದಲೆಯಲ್ಲೂ ದೊಡ್ಡ ಹೆಸರು. ಅವರಂಥವರ ಅರ್ಥಗಾರಿಕೆಯಲ್ಲಿ ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದೇ ಉತ್ತರದ ಮೊದಲ ಅರ್ಧ.

ಹೈಸ್ಕೂಲಿನ ಕಾರ್ಯಾಗಾರದಲ್ಲಿ ಇದರ ಸರಳ ರೂಪ ನಡೆಯುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಕಥೆ ಮಿಸ್ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ನಾಲ್ಕು ವಾಕ್ಯದಲ್ಲಿ ನೆನಪಿಸಿ, ಗುಬ್ಬಕ್ಕ ಮಾಡಿದ್ದು ಸರಿಯೇ ಎಂದು ಕೇಳಿ ಸುಮ್ಮನಾದರು. ಗೋಡೆಗೆ ಒರಗಿದ್ದ ಬೆನ್ನುಗಳು ಒಂದೊಂದಾಗಿ ನೇರವಾದವು. ಒಬ್ಬಳು ಗುಬ್ಬಕ್ಕನ ಪರ ನಿಂತಳು: ಒಂಟಿ ಹೆಂಗಸು, ರಾತ್ರಿ ಹೊತ್ತು, ಒಳಗೆ ಹಸುಗೂಸು, ಬಾಗಿಲು ತೆಗೆಯುವ ಮುಂಚೆ ಯೋಚಿಸಬಾರದೇ? ಒಬ್ಬ ಹುಡುಗ ಕಾಗಕ್ಕನಾದ. “ನಂದು ಸಗಣಿ ಮನೆ ಅಂತ ಮೊದ್ಲಿಂದ್ಲೂ ನಿಂಗೆ ಗೊತ್ತಿತ್ತಲ್ಲ, ಮಳೆ ಬರೋ ಮುಂಚೆ ಒಂದು ಕಲ್ಲಾದ್ರೂ ಕೊಟ್ಟಿದ್ಯಾ?” ಎಂದ. ಕೋಣೆ ಗೊಲ್ಲೆಂದು ನಕ್ಕು, ಆಮೇಲೆ ತಣ್ಣಗಾಯಿತು. ಆ ಹುಡುಗನ ಮನೆ ಎಂಥದ್ದೋ ನನಗೆ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಕಥೆ ಕೊಡುವ ಮರೆ ಅದು. ನಮ್ಮ ಮಾತನ್ನೇ ಆಡಬಹುದು, ಆಡಿದ್ದು ಕಾಗಕ್ಕ ಎಂದುಕೊಳ್ಳಬಹುದು.

ದೊಡ್ಡವರ ಕಾರ್ಯಾಗಾರವನ್ನು ನಾನು ಇನ್ನೂ ಹೆಚ್ಚು ಆಸೆಯಿಂದ ನೋಡುತ್ತೇನೆ. ಬೆಂಗಳೂರಿನಲ್ಲಿ ಶಿಕ್ಷಕಿಯಾಗಿದ್ದ ಗೀತಾ ರಾಮಾನುಜಂ 1998ರಲ್ಲಿ ‘ಕಥಾಲಯ’ ಕಟ್ಟಿದಾಗಿನಿಂದ, ಕಥೆ ಹೇಳುವುದನ್ನು ಮೇಷ್ಟರುಗಳಿಗೂ ತಾಯಿತಂದೆಯರಿಗೂ ಕಲಿಸಬಹುದು ಎಂಬುದು ನಮ್ಮಲ್ಲಿ ಬೇರೂರಿತು. ಈಗ ಹಲವು ಊರುಗಳಲ್ಲಿ ಅಂಥ ಕೂಟಗಳಿವೆ. ಅವುಗಳಲ್ಲಿ ಒಂದರಲ್ಲಿ ಮೂವತ್ತು ಜನ ಪ್ರಾಥಮಿಕ ಶಾಲೆಯ ಶಿಕ್ಷಕರು ಸುತ್ತ ಕೂತಿದ್ದರು. ಎಲ್ಲರ ಕೈಯಲ್ಲೂ ನೋಟ್‌ಬುಕ್. ಮೊದಲ ಕೆಲಸವೇ ಅದನ್ನು ಮುಚ್ಚಿ ಬದಿಗಿಡುವುದು. ಎರಡನೆಯದು, ಚಿಕ್ಕಂದಿನಲ್ಲಿ ಕೇಳಿದ ಒಂದು ಕಥೆಯನ್ನು ಪಕ್ಕದವರಿಗೆ ಹೇಳುವುದು.

ಒಬ್ಬ ಟೀಚರ್ ಎದ್ದುನಿಂತು ಶುರುಮಾಡಿದರು. ಮಕ್ಕಳೇ, ಒಂದಾನೊಂದು ಕಾಲದಲ್ಲಿ ಒಂದು ದಟ್ಟವಾದ ಅರಣ್ಯವಿತ್ತು. ದನಿ ಎರಡು ಮೆಟ್ಟಿಲು ಮೇಲೇರಿತ್ತು, ಕೈಗಳು ಅರಣ್ಯದ ಅಗಲ ತೋರಿಸುತ್ತಿದ್ದವು. ಹೇಳಿಕೊಡುತ್ತಿದ್ದವರು ತಡೆದು ಕೇಳಿದರು: “ಈ ಕಥೆ ನಿಮಗೆ ಯಾರು ಹೇಳಿದ್ದು ಮೇಡಂ?” ನಮ್ಮ ಅಮ್ಮಮ್ಮ ಎಂದರು. “ಅಮ್ಮಮ್ಮ ಅರಣ್ಯ ಅಂತಿದ್ರಾ?” ಅವರು ಒಂದು ಗಳಿಗೆ ಸುಮ್ಮನಿದ್ದು ನಕ್ಕರು, ಕೂತುಕೊಂಡರು, ಸೆರಗನ್ನು ಮಡಿಲಿಗೆ ಎಳೆದುಕೊಂಡು ಅಪ್ಪಟ ಕುಂದಾಪುರದ ಮಾತಿನಲ್ಲಿ ಮತ್ತೆ ಶುರುಮಾಡಿದರು. ಅರಣ್ಯ ಹೋಗಿ ಹಾಡಿ ಬಂತು. ಹಾಡಿಯಲ್ಲಿ ಒಂದು ಹುಣಸೆಮರ ಬಂತು, ಮರದ ಕೆಳಗೆ ಒಣಗಿಸಿದ ಬಟ್ಟೆ ಬಂತು. ಕೈಗಳು ಅಗಲ ತೋರಿಸುವುದನ್ನು ಬಿಟ್ಟು ಬಟ್ಟೆ ಮಡಚತೊಡಗಿದವು. ಧಾರವಾಡದ ಕಡೆಯ ಮೇಷ್ಟರೊಬ್ಬರಿಗೆ ಅರ್ಧ ಮಾತು ತಿಳಿಯಲಿಲ್ಲ, ಆದರೂ ಅವರ ಬಾಯಿ ತೆರೆದೇ ಇತ್ತು. ಕಥೆ ಮುಗಿದ ಮೇಲೆ, “ಅಲ್ರೀ, ಆಮ್ಯಾಲೆ ಆ ಹುಡುಗಿ ಏನಾದ್ಲು?” ಎಂದು ಅವರು ಕೇಳಿದ್ದು ಶಿಷ್ಟಾಚಾರಕ್ಕಲ್ಲ.

ಅಲ್ಲಿ ಕಲಿಸುವುದರಲ್ಲಿ ಹೆಚ್ಚಿನದು ಬಿಡುವುದು. ದೊಡ್ಡ ದನಿ ಬಿಡಬೇಕು. ಪ್ರತಿ ಪ್ರಾಣಿಗೂ ಒಂದೊಂದು ವಿಚಿತ್ರ ಕಂಠ ಮಾಡುವುದನ್ನು ಬಿಡಬೇಕು. ಗಂಟಲು ಹರಿಯುವಂತೆ ಗರ್ಜಿಸುವ ಹುಲಿಗಿಂತ ಸಲೀಸಾಗಿ, ಮೆಲ್ಲಗೆ ಮಾತಾಡುವ ಹುಲಿ ಹೆಚ್ಚು ಹೆದರಿಸುತ್ತದೆ. ಎಲ್ಲಕ್ಕಿಂತ ಕಷ್ಟದ್ದು, ಕಥೆ ಮುಗಿದ ಕೂಡಲೇ ಈ ಕಥೆಯ ನೀತಿ ಏನು ಎಂದು ಕೇಳುವುದನ್ನು ಬಿಡುವುದು. ಪುಣ್ಯಕೋಟಿಯ ಕಥೆ ಕೇಳಿ ಕಣ್ಣು ತುಂಬಿಕೊಂಡ ಮಗುವನ್ನು ಎಬ್ಬಿಸಿ ನಿಲ್ಲಿಸಿ, ಸತ್ಯ ಹೇಳಬೇಕು ಎಂದು ಹೇಳಿಸಿದರೆ, ಆ ಕಣ್ಣೀರಿಗೆ ಗೊತ್ತಿದ್ದದ್ದಕ್ಕಿಂತ ಬಹಳ ಕಡಿಮೆಯನ್ನು ಅದರ ಬಾಯಿಂದ ಹೊರಡಿಸಿದಂತೆ. ನೀತಿಯ ಪ್ರಶ್ನೆಯನ್ನು ನಮ್ಮ ಶಾಲೆಗಳು ಪೂರ್ತಿ ಕೈಬಿಡಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೇಳದೆ ಉಳಿದ ಕಥೆ ಏನಾಗುತ್ತದೆ ಎಂಬುದಕ್ಕೇ ಕನ್ನಡದಲ್ಲಿ ಒಂದು ಕಥೆಯಿದೆ. ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಕಾಲದಿಂದಲೂ ಹೆಂಗಸರ ಬಾಯಿಂದ ಕಥೆ ಕೇಳಿ ಬರೆದಿಟ್ಟವರು. ಅವರು ತೀರಿಕೊಂಡ ಮೇಲೆ, 1997ರಲ್ಲಿ, 77 ಕಥೆಗಳ ‘ಎ ಫ್ಲವರಿಂಗ್ ಟ್ರೀ’ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ ಇದೂ ಇದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತು, ಆದರೆ ಯಾರಿಗೂ ಹೇಳಿದವಳಲ್ಲ. ಒಳಗೇ ಉಸಿರುಕಟ್ಟಿದ ಅವೆರಡೂ ಅವಳು ಬಾಯ್ತೆರೆದು ಮಲಗಿದ್ದಾಗ ತಪ್ಪಿಸಿಕೊಂಡು ಹೊರಬರುತ್ತವೆ. ಕಥೆ ಬಾಗಿಲ ಬಳಿ ಒಂದು ಜೊತೆ ಜೋಡಾಗಿ ಕೂರುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಇವು ಯಾರವು ಎಂದು ಗಂಡ ಕೇಳಿದರೆ ಅವಳಿಗೆ ತಿಳಿಯದು. ಅವನು ಸಿಟ್ಟಾಗಿ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ರಾತ್ರಿ ಆ ಗುಡಿಯಲ್ಲಿ ಸೇರಿ ಹರಟುತ್ತವೆ. ತಡವಾಗಿ ಬಂದ ಇವನ ಮನೆಯ ಜ್ವಾಲೆ ನಡೆದದ್ದನ್ನೆಲ್ಲ ಹೇಳುತ್ತದೆ. ಬೆಳಿಗ್ಗೆ ಅವನು ಮನೆಗೆ ಓಡಿ, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದರೆ, ಅವಳು “ಯಾವ ಕಥೆ? ಯಾವ ಹಾಡು?” ಎನ್ನುತ್ತಾಳೆ. ಅವು ಅವಳನ್ನು ಬಿಟ್ಟು ಹೋಗಿವೆ.

ಶಿಕ್ಷಕರ ಕೂಟದಲ್ಲಿ ಈ ಕಥೆ ಹೇಳಿದಾಗ ಯಾರೂ ವಿವರಣೆ ಕೇಳಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮೇಷ್ಟರು ಮಾತ್ರ, ನಮ್ಮೂರಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಅವಳನ್ನು ಶಾಲೆಗೆ ಕರೆಯಬಹುದೇ ಎಂದು ಕೇಳಿದರು. ಅಜ್ಜಿಗೆ ಅಕ್ಷರ ಬಾರದು, ತಂಬಾಕು ಹಾಕುತ್ತಾಳೆ, ಕಥೆಯ ನಡುವೆ ಒಂದೆರಡು ಬೈಗುಳವೂ ಬಂದೀತು ಎಂಬ ಅಂಜಿಕೆ ಅವರಿಗೆ. ಕರೆಯಿರಿ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಒಡೆದುಹೋದ ಆ ಹಳೆಯ ಸಭೆಯನ್ನು ಶಾಲೆಯ ಜಗಲಿಯಲ್ಲಿ ಒಂದು ಮಧ್ಯಾಹ್ನದ ಮಟ್ಟಿಗಾದರೂ ಮತ್ತೆ ಕೂಡಿಸಬೇಕಾದರೆ ಇಂಥ ಅಜ್ಜಿಯೇ ಬೇಕು. ಒಂದನೆಯ ತರಗತಿಯಿಂದ ಏಳನೆಯದರವರೆಗೆ ಎಲ್ಲರನ್ನೂ ಅವಳ ಮುಂದೆ ಕೂರಿಸಬೇಕು. ಮೇಷ್ಟರೂ ಕೆಳಗೇ ಕೂರಬೇಕು.

ಕಥೆ ಮಿಸ್ ಪ್ರತಿ ಶಾಲೆಯಿಂದ ಹೊರಡುವ ಮುಂಚೆ ಹೇಳುವ ಒಂದು ಕಥೆಯಿದೆ. ಮುಗಿಯದ ಕಥೆ ಹೇಳಿದವರಿಗೆ ಅರ್ಧ ರಾಜ್ಯ ಎಂದು ಒಬ್ಬ ರಾಜ ಡಂಗುರ ಹೊಡೆಸುತ್ತಾನೆ. ಒಬ್ಬ ಬಂದು ಶುರುಮಾಡುತ್ತಾನೆ: ಒಂದು ದೊಡ್ಡ ಕಣಜ, ತುಂಬ ಜೋಳ, ಗೋಡೆಯಲ್ಲಿ ಒಂದು ಸಣ್ಣ ತೂತು. ಒಂದು ಗುಬ್ಬಿ ಬಂತು, ಒಂದು ಕಾಳು ಎತ್ತಿಕೊಂಡಿತು, ಪುರ್ ಅಂತ ಹಾರಿಹೋಯಿತು. ಆಮೇಲೆ? ಇನ್ನೊಂದು ಗುಬ್ಬಿ ಬಂತು, ಒಂದು ಕಾಳು ಎತ್ತಿಕೊಂಡಿತು. ಆಮೇಲೆ? ರಾಜನಂತೆ ಮಕ್ಕಳೂ ಮೊದಲು ನಗುತ್ತಾರೆ, ಆಮೇಲೆ ಸಿಡುಕುತ್ತಾರೆ, ಕೊನೆಗೆ ಸೋತು ತಾವೇ ಗುಬ್ಬಿಗಳಾಗುತ್ತಾರೆ. ಊಟದ ಗಂಟೆ ಹೊಡೆದರೂ ನಿಲ್ಲಿಸುವುದಿಲ್ಲ. ತಟ್ಟೆ ತೊಳೆಯುವ ನಲ್ಲಿಯ ಹತ್ತಿರದ ಸಾಲಿನಲ್ಲಿ ಒಂದು ಕೈ ಮುಂದಿನವರ ತಲೆಯಿಂದ ಕಾಳು ಎತ್ತುತ್ತದೆ. ಪುರ್! ಅಡುಗೆಯವರು ಬಿಸಿ ಸಾರಿನ ಸೌಟು ಹಿಡಿದು ದೂರ ನಿಲ್ಲಿ ಎಂದು ಕೂಗುತ್ತಾರೆ. ಅವರ ಸೆರಗಿನಿಂದಲೂ ಯಾರೋ ಒಂದು ಕಾಳು ಎತ್ತಿಕೊಂಡು ಓಡುತ್ತಾರೆ, ಇನ್ನೊಬ್ಬರು ಹಿಂದೆಯೇ.